ಏರಲೂ ಬೇಕು, ಇಳಿಯಲೂ ಬೇಕು: ಎನ್‌ಆರ್‌ಎಫ್2 ಎಂಬ ಜೀನ್

ನಮ್ಮ ಯಕೃತ್ತಿನ, ಚರ್ಮದ, ಶ್ವಾಸಕೋಶದ ಜೀವಕೋಶಗಳು ಈ ಹೊತ್ತಿನಲ್ಲೂ ಒಂದು ಪ್ರೋಟೀನನ್ನು ತಯಾರಿಸುತ್ತಿವೆ. ತಯಾರಾದದ್ದನ್ನು ಕೆಲಸಕ್ಕೆ ಹಚ್ಚದೆ ಆಗಿಂದಾಗಲೇ ಒಡೆದು ಹಾಕುತ್ತಿವೆ. ಈಗ ಇರುವ ಪ್ರೋಟೀನಿನಲ್ಲಿ ಅರ್ಧದಷ್ಟು ಇನ್ನು ಸುಮಾರು 20 ನಿಮಿಷಕ್ಕೆ ಇರುವುದಿಲ್ಲ. ಕೋಶಕ್ಕೆ ಒಂದು ಪ್ರೋಟೀನ್ ಕಟ್ಟುವುದೆಂದರೆ ಕಡಿಮೆ ಖರ್ಚಿನ ಕೆಲಸವಲ್ಲ. ಹಾಗಿದ್ದೂ ಹಗಲಿರುಳು ಕಟ್ಟುವುದು, ಕೆಡವುವುದು ನಡೆದೇ ಇರುತ್ತದೆ.

ಈ ದುಂದು ಏಕೆ ಎಂದು ಹುಡುಕುತ್ತಾ ಹೋದವರಿಗೆ ಸಿಕ್ಕ ಉತ್ತರ ಬಹಳ ದೂರ ಕರೆದೊಯ್ದಿದೆ. ಅದರಿಂದ ಒಂದು ಅಪರೂಪದ ನರರೋಗಕ್ಕೆ ಮೊದಲ ಔಷಧ ಬಂದಿದೆ. ಕೆಲವರ ಶ್ವಾಸಕೋಶದ ಕ್ಯಾನ್ಸರ್ ಚಿಕಿತ್ಸೆಗೆ ಬಗ್ಗದಿರುವುದಕ್ಕೆ ಒಂದು ಕಾರಣ ತಿಳಿದಿದೆ. ‘ಆಂಟಿಆಕ್ಸಿಡೆಂಟ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಡಬ್ಬಿಗಳನ್ನು ಕೊಳ್ಳುವ ಮುನ್ನ ಯೋಚಿಸಲು ಒಂದು ಗಟ್ಟಿ ಆಧಾರವೂ ಸಿಕ್ಕಿದೆ.

ಪ್ರೋಟೀನಿನ ಹೆಸರು ಎನ್‌ಆರ್‌ಎಫ್2. ಕೋಶ ಒತ್ತಡಕ್ಕೆ ಸಿಕ್ಕಾಗ ಅದನ್ನು ಕಾಯುವ ಜೀನ್‌ಗಳನ್ನು ಎಬ್ಬಿಸುವುದು ಇದರ ಕೆಲಸ. ಅದನ್ನು ತಯಾರಿಸುವ ಸೂಚನೆ ಇರುವ ಜೀನ್‌ನ ಅಧಿಕೃತ ಹೆಸರು ಎನ್‌ಎಫ್‌ಇ2ಎಲ್2. ಅದು ನಮ್ಮ ಎರಡನೇ ವರ್ಣತಂತುವಿನ ಮೇಲಿದೆ. ಜೀನಿಗೂ ಪ್ರೋಟೀನಿಗೂ ಸಂಶೋಧಕರು ರೂಢಿಯಲ್ಲಿ ಎನ್‌ಆರ್‌ಎಫ್2 ಎಂದೇ ಹೇಳುತ್ತಾರೆ, ನಾನೂ ಹಾಗೇ ಹೇಳುತ್ತೇನೆ.

ಯಾವ ಒತ್ತಡ?

ಇಲ್ಲಿ ಹೇಳುತ್ತಿರುವುದು ಕೋಶದೊಳಗಿನ ರಾಸಾಯನಿಕ ಒತ್ತಡದ ಬಗ್ಗೆ. ನಾವು ಉಸಿರಾಡಿದ ಆಮ್ಲಜನಕವನ್ನು ಬಳಸಿ ಮೈಟೊಕಾಂಡ್ರಿಯಾಗಳು ಶಕ್ತಿ ತಯಾರಿಸುವಾಗ ಅದರಲ್ಲಿ ಒಂದಿಷ್ಟು ಅರೆಬರೆಯಾಗಿ ಉಳಿದು, ಸಿಕ್ಕ ಸಿಕ್ಕ ಅಣುಗಳಿಂದ ಎಲೆಕ್ಟ್ರಾನ್ ಕಸಿಯುವ ರೂಪ ತಾಳುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ, ಡೀಸೆಲ್ ಹೊಗೆಯಲ್ಲಿ, ಸೌದೆ ಒಲೆಯ ಹೊಗೆಯಲ್ಲಿ ಇಂಥ ಆಕ್ರಮಣಕಾರಿ ಅಣುಗಳು ಹೇರಳ. ಎಷ್ಟೋ ಔಷಧಗಳು ಯಕೃತ್ತಿನಲ್ಲಿ ಒಡೆಯುವಾಗಲೂ ಅವು ಹುಟ್ಟುತ್ತವೆ. ಇವು ಡಿಎನ್‌ಎಗೆ ತಾಗಿದರೆ ಅಲ್ಲಿನ ಬರಹ ಕೆಡುತ್ತದೆ, ಕೋಶದ ಪೊರೆಗೆ ತಾಗಿದರೆ ಪೊರೆ ಹಾಳಾಗುತ್ತದೆ, ಪ್ರೋಟೀನಿಗೆ ತಾಗಿದರೆ ಅದರ ಆಕಾರ ತಪ್ಪುತ್ತದೆ.

ಹಾಗಂತ ಇವನ್ನು ಪೂರ್ತಿ ಇಲ್ಲವಾಗಿಸುವಂತಿಲ್ಲ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದು ಇವುಗಳಿಂದಲೇ. ಕೋಶಗಳು ಪರಸ್ಪರ ಕಳಿಸುವ ಎಷ್ಟೋ ಸಂದೇಶಗಳಿಗೂ ಇವು ಸ್ವಲ್ಪ ಪ್ರಮಾಣದಲ್ಲಿ ಬೇಕು. ಕೋಶಕ್ಕೆ ಬೇಕಿರುವುದು ಹೆಚ್ಚಾದಾಗ ಬೇಗ ತಗ್ಗಿಸುವ, ತಗ್ಗಿದ ಮೇಲೆ ಸುಮ್ಮನಾಗುವ ಒಂದು ಏರ್ಪಾಡು. ಎನ್‌ಆರ್‌ಎಫ್2 ಆ ಏರ್ಪಾಡಿನ ನಡುವೆ ಇದೆ.

ಅದು ತಾನೇ ಹೋಗಿ ಯಾವ ವಿಷವನ್ನೂ ತಟಸ್ಥಗೊಳಿಸುವುದಿಲ್ಲ. ಕೋಶಕೇಂದ್ರಕ್ಕೆ ಹೋಗಿ, ‘ಸ್ಮಾಲ್ ಮ್ಯಾಫ್’ ಎಂಬ ಇನ್ನೊಂದು ಪ್ರೋಟೀನಿನ ಜೊತೆಗೂಡಿ, ಡಿಎನ್‌ಎಯಲ್ಲಿ ನಿರ್ದಿಷ್ಟ ಅಕ್ಷರಸರಣಿ ಇರುವ ಜಾಗಗಳಲ್ಲಿ ಕೂರುತ್ತದೆ. ಆ ಸರಣಿ ಯಾವ ಯಾವ ಜೀನ್‌ಗಳ ಪಕ್ಕದಲ್ಲಿದೆಯೋ ಅವೆಲ್ಲ ಚುರುಕಾಗುತ್ತವೆ. ಅಂಥ ಜೀನ್‌ಗಳು ಇನ್ನೂರಕ್ಕೂ ಹೆಚ್ಚು. ಕೆಲವು ಗ್ಲುಟಾಥಯೋನ್ ತಯಾರಿಸುತ್ತವೆ. ಕೋಶದೊಳಗೆ ತಯಾರಾಗುವ ಆಂಟಿಆಕ್ಸಿಡೆಂಟ್‌ಗಳಲ್ಲಿ, ಅಂದರೆ ಆಕ್ರಮಣಕಾರಿ ಅಣುಗಳನ್ನು ತಣಿಸುವ ವಸ್ತುಗಳಲ್ಲಿ, ಅತಿ ಮುಖ್ಯವಾದದ್ದು ಇದು. ಕೆಲವು ವಿಷದ ಅಣುವಿಗೆ ಬಾಲ ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡುತ್ತವೆ, ಕೆಲವು ಅದನ್ನು ಕೋಶದಿಂದ ಹೊರಕ್ಕೆ ತಳ್ಳುತ್ತವೆ, ಕೆಲವು ಬಿಡಿ ಕಬ್ಬಿಣವನ್ನು ಹಿಡಿದಿಡುತ್ತವೆ. ಉರಿಯೂತ ಹೆಚ್ಚಿಸುವ ಕೆಲವು ಜೀನ್‌ಗಳನ್ನು ಎನ್‌ಆರ್‌ಎಫ್2 ಅದುಮುವುದೂ ಉಂಟು. ಒಂದು ವಿಟಮಿನ್ ಸಿ ಅಣು ಒಂದೆರಡು ಆಕ್ರಮಣಕಾರಿ ಅಣುಗಳನ್ನು ತಣಿಸಿ ತಾನು ಬರಿದಾಗುತ್ತದೆ. ಎನ್‌ಆರ್‌ಎಫ್2 ಎಬ್ಬಿಸುವ ಕಿಣ್ವವಾದರೋ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾ ಗಂಟೆಗಟ್ಟಲೆ ಉಳಿಯುತ್ತದೆ. ನಿಜವಾದ ರಕ್ಷಣೆ ಎಲ್ಲಿಂದ ಬರುತ್ತದೆ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಕೀಪ್1ರ ಹಿಡಿತ

ಈಗ ಆ ದುಂದಿನ ವಿಷಯಕ್ಕೆ ಬರೋಣ. ನೀರು ಸದಾ ಹರಿದು ಬರುವ ಒಂದು ಕೆರೆಯ ತೂಬು ಸದಾ ತೆರೆದೇ ಇದೆ ಎಂದುಕೊಳ್ಳಿ. ಬಂದಷ್ಟು ನೀರು ಹೊರಹೋಗುತ್ತದೆ, ಕೆರೆಯಲ್ಲಿ ಏನೂ ನಿಲ್ಲುವುದಿಲ್ಲ. ತೂಬು ಮುಚ್ಚಿದ ಗಳಿಗೆಯಿಂದಲೇ ಮಟ್ಟ ಏರತೊಡಗುತ್ತದೆ. ಹೊಸದಾಗಿ ಕಾಲುವೆ ತೋಡಿ ನೀರು ತರಬೇಕಾಗಿಲ್ಲ. ಎನ್‌ಆರ್‌ಎಫ್2 ವಿಚಾರದಲ್ಲಿ ಕೋಶ ಮಾಡಿಕೊಂಡಿರುವ ವ್ಯವಸ್ಥೆ ಇದು. ಅಪಾಯ ಬಂದ ಮೇಲೆ ಜೀನ್ ಓದಿ, ಪ್ರತಿ ತೆಗೆದು, ಪ್ರೋಟೀನ್ ಕಟ್ಟುತ್ತಾ ಕೂತರೆ ತಡವಾಗುತ್ತದೆ. ಅದಕ್ಕೇ ಸದಾ ತಯಾರಿಸುತ್ತದೆ, ಸದಾ ಒಡೆಯುತ್ತದೆ. ಅಪಾಯ ಕಂಡಾಗ ಒಡೆಯುವುದನ್ನಷ್ಟೇ ನಿಲ್ಲಿಸುತ್ತದೆ.

ಒಡೆಯುವ ಕೆಲಸದ ಉಸ್ತುವಾರಿ ಕೀಪ್1 ಎಂಬ ಪ್ರೋಟೀನಿನದು. ಕೀಪ್1 ಜೋಡಿಜೋಡಿಯಾಗಿ ಇರುತ್ತದೆ. ಒಂದು ಜೋಡಿ ಒಂದು ಎನ್‌ಆರ್‌ಎಫ್2 ಅಣುವನ್ನು ಎರಡು ಜಾಗದಲ್ಲಿ ಹಿಡಿಯುತ್ತದೆ: ಒಂದು ಹಿಡಿತ ಬಲು ಬಿಗಿ, ಇನ್ನೊಂದು ಅದಕ್ಕಿಂತ ಎಷ್ಟೋ ಪಟ್ಟು ಸಡಿಲ. ಆ ಎರಡು ಜಾಗಗಳ ನಡುವೆ ಏಳು ಲೈಸಿನ್ ಅಮೈನೋ ಆಮ್ಲಗಳಿವೆ. ಎರಡೂ ಹಿಡಿತ ಸರಿಯಾಗಿದ್ದಾಗ ಮಾತ್ರ ಆ ಲೈಸಿನ್‌ಗಳು ಸರಿಯಾದ ಭಂಗಿಯಲ್ಲಿ ನಿಲ್ಲುತ್ತವೆ. ಆಗ ಕೀಪ್1ರ ಜೊತೆಗಿರುವ ಕಲ್ಲಿನ್-3 ಎಂಬ ಯಂತ್ರಾಂಗ ಅವುಗಳ ಮೇಲೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತದೆ. ಗುರುತು ಬಿದ್ದ ಪ್ರೋಟೀನು, ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಾಸೋಮಿಗೆ ಹೋಗಿ ಚೂರಾಗುತ್ತದೆ.

ಅಪಾಯವನ್ನು ಗುರುತಿಸುವುದೂ ಕೀಪ್1ರ ಕೆಲಸವೇ. ಮನುಷ್ಯರ ಕೀಪ್1ರಲ್ಲಿರುವ 624 ಅಮೈನೋ ಆಮ್ಲಗಳಲ್ಲಿ 27 ಸಿಸ್ಟೀನ್‌ಗಳು. ಸಿಸ್ಟೀನಿನ ತುದಿಯಲ್ಲಿರುವ ಗಂಧಕ ಆಕ್ರಮಣಕಾರಿ ಅಣುಗಳಿಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಅದರಲ್ಲೂ 151, 273 ಮತ್ತು 288ನೇ ಸ್ಥಾನದ ಸಿಸ್ಟೀನ್‌ಗಳು ಬಹಳ ಸೂಕ್ಷ್ಮ. ಯಾವ ಬಗೆಯ ರಾಸಾಯನಿಕ ಬಂದಿದೆ ಎನ್ನುವುದರ ಮೇಲೆ ಯಾವ ಸಿಸ್ಟೀನ್ ಸ್ಪಂದಿಸುತ್ತದೆ ಎನ್ನುವುದೂ ಬದಲಾಗುತ್ತದೆ. ಸಿಸ್ಟೀನಿಗೆ ಏನಾದರೂ ಅಂಟಿದ ಕೂಡಲೇ ಕೀಪ್1ರ ಆಕಾರ ತುಸು ಬದಲಾಗಿ ಗುರುತು ಹಚ್ಚುವ ಕೆಲಸ ಕೆಡುತ್ತದೆ. ‘ಆಗ ಕೀಪ್1 ಕೈಬಿಡುತ್ತದೆ, ಎನ್‌ಆರ್‌ಎಫ್2 ಹಾರಿಹೋಗುತ್ತದೆ’ ಎಂಬ ವಿವರಣೆ ಹಲವೆಡೆ ಕಾಣುತ್ತದೆ. ಈಗ ಹೆಚ್ಚು ಒಪ್ಪಿತವಾಗಿರುವ ವಿವರಣೆ ಬೇರೆ: ಹಿಡಿದ ಎನ್‌ಆರ್‌ಎಫ್2 ಹಿಡಿದ ಹಾಗೇ ಉಳಿಯುತ್ತದೆ, ಒಡೆಯುವುದು ಮಾತ್ರ ನಡೆಯುವುದಿಲ್ಲ. ಎಲ್ಲ ಕೀಪ್1 ಜೋಡಿಗಳೂ ಹೀಗೆ ಕೈತುಂಬಿಸಿಕೊಂಡು ಕೂತಿರುವಾಗ ಹೊಸದಾಗಿ ಹುಟ್ಟಿದ ಎನ್‌ಆರ್‌ಎಫ್2 ಹಿಡಿಯುವವರಿಲ್ಲದೆ ನೇರ ಕೋಶಕೇಂದ್ರಕ್ಕೆ ಸಾಗುತ್ತದೆ. ಅಪಾಯ ಕಳೆದು ಸರಿಯಾದ ಕೀಪ್1 ಮತ್ತೆ ದೊರೆತಾಗ ಮಟ್ಟ ತಾನಾಗಿ ಇಳಿಯುತ್ತದೆ.

ಇಷ್ಟು ವಿವರ ಹೇಳಲು ಕಾರಣವಿದೆ. ಮುಂದೆ ಬರುವ ಕೆಲವು ರೋಗಗಳು ಈ ಎರಡು ಹಿಡಿತಗಳ ಸುತ್ತಲೇ ಇವೆ.

ಯಾವುದನ್ನೋ ಹುಡುಕುವಾಗ ಸಿಕ್ಕಿದ್ದು

1994ರಲ್ಲಿ ಈ ಜೀನ್ ಮೊದಲು ಸಿಕ್ಕಾಗ ಅದನ್ನು ಪತ್ತೆ ಮಾಡಿದ ಮೋಯಿ, ಕಾನ್ ಮತ್ತು ಸಂಗಡಿಗರು ಹುಡುಕುತ್ತಿದ್ದದ್ದು ಬೇರೇನನ್ನೋ: ಹಿಮೋಗ್ಲೋಬಿನ್ನಿನ ಬೀಟಾ ಗ್ಲೋಬಿನ್ ಜೀನನ್ನು ನಿಯಂತ್ರಿಸುವ ಪ್ರೋಟೀನುಗಳನ್ನು. ಥಲಸ್ಸೀಮಿಯಾದಂಥ ರಕ್ತರೋಗಗಳ ಬೇರು ಹುಡುಕುವ ದಾರಿಯದು. ಆದರೆ 1996ರಲ್ಲಿ ಎನ್‌ಆರ್‌ಎಫ್2 ಇಲ್ಲದ ಇಲಿಗಳನ್ನು ಬೆಳೆಸಿದಾಗ ಅವುಗಳ ರಕ್ತ ಸರಿಯಾಗೇ ಇತ್ತು. ಅವು ಬೆಳೆದವು, ಮರಿ ಹಾಕಿದವು. ಹಾಗಾದರೆ ಈ ಜೀನ್ ಇರುವುದೇಕೆ?

ಉತ್ತರ ಬೇರೆ ದಿಕ್ಕಿನಿಂದ ಬಂತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ತಲಲೇ ಅವರ ಗುಂಪು ಕ್ಯಾನ್ಸರ್ ತಡೆಯಬಲ್ಲ ರಾಸಾಯನಿಕಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿತ್ತು. ನೋಡಲು ಒಂದಕ್ಕೊಂದು ಹೋಲಿಕೆಯೇ ಇಲ್ಲದ ಆ ಅಣುಗಳಿಗೆ ಒಂದೇ ಸಮಾನ ಗುಣವಿತ್ತು: ಎಲ್ಲವೂ ಗಂಧಕಕ್ಕೆ ಅಂಟಿಕೊಳ್ಳುತ್ತಿದ್ದವು. ಅಂದರೆ ಕೋಶದಲ್ಲಿ ಎಲ್ಲೋ ಗಂಧಕವುಳ್ಳ ಒಂದು ಗ್ರಾಹಕ ಇರಲೇಬೇಕು. 1992ರಲ್ಲಿ ಅವರು ಬ್ರೊಕೊಲಿಯಿಂದ ಸಲ್ಫೊರಾಫೇನ್ ಎಂಬ ಅಣುವನ್ನು ಬೇರ್ಪಡಿಸಿದರು. ಅದೂ ಇದೇ ಜಾತಿಯದು. ಜಪಾನಿನ ತ್ಸುಕುಬಾದಲ್ಲಿ ಮಸಾಯುಕಿ ಯಮಾಮೊಟೊ ಮತ್ತು ಕೆನ್ ಇಟೊ ಅವರ ಗುಂಪು 1997ರಲ್ಲಿ ವಿಷನಿವಾರಕ ಕಿಣ್ವಗಳನ್ನು ಎಬ್ಬಿಸುವುದು ಎನ್‌ಆರ್‌ಎಫ್2 ಎಂದು ತೋರಿಸಿತು. 1999ರಲ್ಲಿ ಅದೇ ಗುಂಪು ಕೀಪ್1 ಅನ್ನು ಕಂಡುಹಿಡಿಯಿತು. ಅಣುವನ್ನು ಕಣ್ಣಿಂದ ಕಾಣುವ ಮೊದಲೇ ಅದರ ಸ್ವಭಾವವನ್ನು ತರ್ಕದಿಂದ ಊಹಿಸಿದ್ದು ನನ್ನ ಪಾಲಿಗೆ ಈ ಕಥೆಯ ಅತ್ಯಂತ ಸುಂದರ ಭಾಗ.

ಸಲ್ಫೊರಾಫೇನ್ ಕೊಟ್ಟಾಗ ಎನ್‌ಆರ್‌ಎಫ್2 ಯಾವ ಯಾವ ಜೀನ್‌ಗಳನ್ನು ಎಬ್ಬಿಸುತ್ತದೆ ಎಂದು ಇಲಿಗಳ ಸಣ್ಣ ಕರುಳಿನಲ್ಲಿ ಪಟ್ಟಿ ಮಾಡಿದ 2002ರ ಪ್ರಬಂಧವನ್ನು ಈ ಕ್ಷೇತ್ರದಲ್ಲಿ ಇಂದಿಗೂ ನೆನೆಯುತ್ತಾರೆ. ಅದರ ಮೊದಲ ಲೇಖಕ ರಾಜೇಶ್ ತಿಮ್ಮುಲಪ್ಪ ಆಗ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದರು. ನಂತರ ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿಗೆ ಬಂದು ಕೆಲಸ ಮುಂದುವರಿಸಿದರು.

ಎನ್‌ಆರ್‌ಎಫ್2 ಇಲ್ಲದ ಇಲಿ ಆರಾಮವಾಗಿರುತ್ತದೆ ಎಂದೆನಷ್ಟೆ. ಅದು ಪಂಜರದಲ್ಲಿ ಸುಮ್ಮನಿರುವವರೆಗೆ ಮಾತ್ರ. ಮಾಮೂಲಿ ಇಲಿ ತಡೆದುಕೊಳ್ಳುವಷ್ಟು ಪ್ಯಾರಾಸಿಟಮಾಲ್ ಕೊಟ್ಟರೆ ಇದರ ಯಕೃತ್ತು ನಾಶವಾಗುತ್ತದೆ. ಪ್ಯಾರಾಸಿಟಮಾಲ್ ಒಡೆಯುವಾಗ ಹುಟ್ಟುವ ಒಂದು ವಿಷದ ಅಣುವನ್ನು ಗ್ಲುಟಾಥಯೋನ್ ಹಿಡಿಯಬೇಕು. ಈ ಇಲಿಯಲ್ಲಿ ಅದು ಸಾಕಷ್ಟು ಇರುವುದಿಲ್ಲ. ತಿಂಗಳುಗಟ್ಟಲೆ ಸಿಗರೇಟಿನ ಹೊಗೆ ಕುಡಿಸಿದರೆ ಶ್ವಾಸಕೋಶದ ಗಾಳಿಗೂಡುಗಳು ಒಡೆದುಹೋಗುವ ಎಂಫಿಸೀಮಾ ಇದಕ್ಕೆ ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ. ಜೀನಿನ ಬೆಲೆ ತಿಳಿದದ್ದು ಪೆಟ್ಟು ಬಿದ್ದಾಗ.

ಹಾಗಿದ್ದರೆ ಕೀಪ್1 ತೆಗೆದುಹಾಕಿ ಎನ್‌ಆರ್‌ಎಫ್2 ಅನ್ನು ಸದಾ ಎಚ್ಚರವಿರಿಸಿದರೆ ಒಳ್ಳೆಯದಲ್ಲವೇ? 2003ರಲ್ಲಿ ಅದನ್ನೂ ಮಾಡಿ ನೋಡಿದರು. ಆ ಇಲಿಮರಿಗಳು ಹುಟ್ಟಿದ ಮೂರು ವಾರದೊಳಗೆ ಸತ್ತವು. ಅವುಗಳ ಅನ್ನನಾಳ ಮತ್ತು ಜಠರದ ಮೊದಲ ಭಾಗದ ಒಳಪದರ ಗಡುಸಾಗಿ ದಪ್ಪಗಟ್ಟಿ, ಹಾಲು ಒಳಗೆ ಇಳಿಯದೆ ಸೊರಗಿದ್ದವು. ಕೀಪ್1ರ ಜೊತೆಗೆ ಎನ್‌ಆರ್‌ಎಫ್2 ಅನ್ನೂ ತೆಗೆದಾಗ ಮರಿಗಳು ಬದುಕಿದವು. ಅಂದರೆ ಅವನ್ನು ಕೊಂದದ್ದು ಮಿತಿಮೀರಿದ ಎನ್‌ಆರ್‌ಎಫ್2. ಈ ಒಂದು ಪ್ರಯೋಗ ನೆನಪಿದ್ದರೆ ಉಳಿದದ್ದನ್ನೆಲ್ಲ ಅರ್ಥ ಮಾಡಿಕೊಳ್ಳಬಹುದು.

ಕ್ಯಾನ್ಸರ್ ಕೈಗೆ ಸಿಕ್ಕಾಗ

2006ರ ಸುಮಾರಿಗೆ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳಲ್ಲಿ ಕೀಪ್1 ಜೀನ್ ಕೆಟ್ಟಿರುವುದು ಕಂಡುಬಂತು. 2008ರಲ್ಲಿ ಜಪಾನಿನ ಸಂಶೋಧಕರು ಎನ್‌ಆರ್‌ಎಫ್2 ಜೀನಿನಲ್ಲೇ ರೂಪಾಂತರಗಳನ್ನು ಕಂಡರು. ಅವು ಎಲ್ಲೆಂದರಲ್ಲಿ ಇರಲಿಲ್ಲ. ಕೀಪ್1 ಹಿಡಿಯುವ ಆ ಎರಡು ಜಾಗಗಳಲ್ಲೇ ಗುಂಪುಗೂಡಿದ್ದವು. ಬಿಗಿ ಹಿಡಿತದಲ್ಲೋ ಸಡಿಲ ಹಿಡಿತದಲ್ಲೋ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಕೀಪ್1 ಸೋಲುತ್ತದೆ, ಎನ್‌ಆರ್‌ಎಫ್2 ಒಡೆಯದೆ ಉಳಿಯುತ್ತದೆ.

ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯಲ್ಲಿ ಸ್ಕ್ವೇಮಸ್ ಬಗೆಯ ಶ್ವಾಸಕೋಶ ಕ್ಯಾನ್ಸರ್‌ಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಗಡ್ಡೆಗಳಲ್ಲಿ ಎನ್‌ಆರ್‌ಎಫ್2, ಕೀಪ್1 ಅಥವಾ ಕಲ್ಲಿನ್-3, ಈ ಮೂರರಲ್ಲಿ ಒಂದಾದರೂ ಬದಲಾಗಿತ್ತು. ಅಡಿನೊಕಾರ್ಸಿನೋಮಾ ಬಗೆಯಲ್ಲಿ ಆರರಲ್ಲೋ ಐದರಲ್ಲೋ ಒಂದಕ್ಕೆ ಕೀಪ್1 ಕೆಟ್ಟಿರುತ್ತದೆ. ಅನ್ನನಾಳ ಮತ್ತು ತಲೆ-ಕತ್ತಿನ ಸ್ಕ್ವೇಮಸ್ ಕ್ಯಾನ್ಸರ್‌ಗಳಲ್ಲೂ ಇದು ಕಾಣುತ್ತದೆ. ತಂಬಾಕು ಜಗಿಯುವ ಚಟ ಇಷ್ಟು ಹರಡಿರುವ ನಮ್ಮ ನಾಡಿನಲ್ಲಿ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ದೂರದ ಮಾತಲ್ಲ.

ಕ್ಯಾನ್ಸರ್ ಕೋಶಕ್ಕೆ ಇದರಿಂದ ಸಿಗುವ ಲಾಭ ಹಲವು ಬಗೆಯದು. ಕಿಮೋಥೆರಪಿಯ ಎಷ್ಟೋ ಔಷಧಗಳು ಮತ್ತು ವಿಕಿರಣ ಕೋಶವನ್ನು ಕೊಲ್ಲುವುದರಲ್ಲಿ ಆಕ್ರಮಣಕಾರಿ ಅಣುಗಳ ಪಾತ್ರ ದೊಡ್ಡದು. ಎನ್‌ಆರ್‌ಎಫ್2 ಅವನ್ನು ತಣಿಸಿಬಿಡುತ್ತದೆ. ಔಷಧವನ್ನು ವಿಷವೆಂದೇ ಎಣಿಸಿ ಹೊರಕ್ಕೆ ತಳ್ಳುತ್ತದೆ. ಇದಕ್ಕಿಂತ ಅನಿರೀಕ್ಷಿತವಾದದ್ದು 2012ರಲ್ಲಿ ಯಮಾಮೊಟೊ ಅವರ ಗುಂಪಿನಿಂದ ತಿಳಿಯಿತು: ಎನ್‌ಆರ್‌ಎಫ್2 ಸದಾ ಎಚ್ಚರವಿರುವ ಕ್ಯಾನ್ಸರ್ ಕೋಶಗಳಲ್ಲಿ ಅದು ಗ್ಲೂಕೋಸ್ ಮತ್ತು ಗ್ಲುಟಮಿನ್ ಎಂಬ ಅಮೈನೋ ಆಮ್ಲ ಎರಡನ್ನೂ ಹೊಸ ಕೋಶ ಕಟ್ಟಲು ಬೇಕಾದ ಸಾಮಗ್ರಿಯ ತಯಾರಿಕೆಗೆ ತಿರುಗಿಸುತ್ತದೆ. ಕಾಪಾಡುವುದರ ಜೊತೆಗೆ ಬೆಳೆಸುತ್ತಲೂ ಇದೆ. ಕೀಪ್1 ಕೆಟ್ಟ ಶ್ವಾಸಕೋಶ ಕ್ಯಾನ್ಸರ್, ಅದರಲ್ಲೂ ಎಸ್‌ಟಿಕೆ11 ಎಂಬ ಜೀನೂ ಜೊತೆಗೆ ಕೆಟ್ಟಿದ್ದರೆ, ದೇಹದ ರೋಗನಿರೋಧಕ ಕೋಶಗಳನ್ನು ಗಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೊಥೆರಪಿಗೂ ಸಾಮಾನ್ಯವಾಗಿ ಸರಿಯಾಗಿ ಸ್ಪಂದಿಸುವುದಿಲ್ಲ.

ಇದರಿಂದ ಎನ್‌ಆರ್‌ಎಫ್2 ಕ್ಯಾನ್ಸರ್ ಹುಟ್ಟಿಸುವ ಕೆಟ್ಟ ಜೀನ್ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅವಸರ. ಎನ್‌ಆರ್‌ಎಫ್2 ಇಲ್ಲದ ಇಲಿಗಳಿಗೆ ಕ್ಯಾನ್ಸರ್‌ಕಾರಕ ರಾಸಾಯನಿಕ ಕೊಟ್ಟರೆ ಹೆಚ್ಚು ಗಡ್ಡೆಗಳಾಗುತ್ತವೆ. ಆರೋಗ್ಯವಂತ ಕೋಶದ ಡಿಎನ್‌ಎ ಕೆಡದಂತೆ ಕಾಯುವಾಗ ಈ ಜೀನ್ ಕ್ಯಾನ್ಸರನ್ನು ತಡೆಯುತ್ತದೆ. ಕೋಶ ಒಮ್ಮೆ ದಾರಿ ತಪ್ಪಿದ ಮೇಲೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ನಾಲ್ಕು ಮಕ್ಕಳು

ಈ ಜೀನಿನ ಬಗ್ಗೆ ನನ್ನನ್ನು ಬಹಳ ಕಾಡಿದ ಪ್ರಬಂಧ 2017ರದ್ದು. ಪರಸ್ಪರ ಸಂಬಂಧವಿಲ್ಲದ ನಾಲ್ಕು ಮಕ್ಕಳು. ತೂಕ ಏರುವುದಿಲ್ಲ, ಮತ್ತೆ ಮತ್ತೆ ಸೋಂಕು, ಬೆಳವಣಿಗೆ ಹಿಂದೆ, ಮಿದುಳಿನ ಬಿಳಿಭಾಗದಲ್ಲಿ ಬದಲಾವಣೆ. ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ತೀರ ಕಡಿಮೆ. ಜೀನ್ ಪರೀಕ್ಷೆಯಲ್ಲಿ ನಾಲ್ವರಲ್ಲೂ ಎನ್‌ಆರ್‌ಎಫ್2 ರೂಪಾಂತರ ಸಿಕ್ಕಿತು. ತಂದೆತಾಯಿಯಿಂದ ಬಂದದ್ದಲ್ಲ, ಮಗುವಿನಲ್ಲೇ ಹೊಸದಾಗಿ ಆದದ್ದು. ಇದ್ದ ಜಾಗ ಮಾತ್ರ ಹೊಸದಲ್ಲ: ಕ್ಯಾನ್ಸರ್ ಗಡ್ಡೆಗಳಲ್ಲಿ ಕಂಡ, ಕೀಪ್1 ಹಿಡಿಯುವ ಅದೇ ಜಾಗ.

ಗಡ್ಡೆಯಲ್ಲಿ ರೂಪಾಂತರ ಇರುವುದು ಆ ಗಡ್ಡೆಯ ಕೋಶಗಳಲ್ಲಿ ಮಾತ್ರ. ಈ ಮಕ್ಕಳಲ್ಲಿ ಅದು ಮೈತುಂಬ ಇತ್ತು. ಗ್ಲುಟಾಥಯೋನ್ ತಯಾರಿಸಲು ಬೇಕಾದ ಗಂಧಕದ ಹಾದಿಯಲ್ಲೇ ಹೋಮೋಸಿಸ್ಟೀನ್ ಕೂಡ ಬರುತ್ತದೆ. ತಯಾರಿಕೆ ನಿಲ್ಲದೆ ನಡೆದಾಗ ಅದು ಬರಿದಾಗುವುದು ಸಹಜ. ದೇಹದ ಆಂಟಿಆಕ್ಸಿಡೆಂಟ್ ವ್ಯವಸ್ಥೆ ಹುಟ್ಟಿನಿಂದಲೇ ಸದಾ ಚಾಲೂ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ‘ಆಂಟಿಆಕ್ಸಿಡೆಂಟ್ ಎಷ್ಟಿದ್ದರೂ ಒಳ್ಳೆಯದೇ’ ಎನ್ನುವ ಮಾತು ಕೇಳಿದಾಗೆಲ್ಲ ನನಗೆ ಈ ಮಕ್ಕಳು ನೆನಪಾಗುತ್ತಾರೆ.

ಸೋಫಾದಿಂದ ಔಷಧದ ಅಂಗಡಿಗೆ

ಎನ್‌ಆರ್‌ಎಫ್2 ಎಬ್ಬಿಸುವ ಔಷಧಗಳ ಚರಿತ್ರೆ ಆರಂಭವಾದದ್ದು ಆ ಜೀನಿನ ಹೆಸರೂ ಇಲ್ಲದ ಕಾಲದಲ್ಲಿ. 1959ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ವಾಲ್ಟರ್ ಶ್ವೆಕೆಂಡೀಕ್ ತಮಗಿದ್ದ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಫ್ಯೂಮರಿಕ್ ಆಮ್ಲದ ಸಂಯುಕ್ತಗಳನ್ನು ತಮ್ಮ ಮೇಲೇ ಪ್ರಯೋಗಿಸಿಕೊಂಡು ಫಲಿತಾಂಶ ಪ್ರಕಟಿಸಿದರು. 1994ರಲ್ಲಿ ಜರ್ಮನಿ ಅಂಥ ಮಿಶ್ರಣವೊಂದಕ್ಕೆ ಸೋರಿಯಾಸಿಸ್ ಔಷಧವಾಗಿ ಅನುಮತಿ ಕೊಟ್ಟಿತು. ಅದರ ಮುಖ್ಯ ಅಂಶ ಡೈಮೀಥೈಲ್ ಫ್ಯೂಮರೇಟ್.

ಅದೇ ವಸ್ತುವನ್ನು ಬೂಷ್ಟು ಹಿಡಿಯದಂತೆ ಸೋಫಾ, ಚಪ್ಪಲಿಗಳ ಜೊತೆ ಸಣ್ಣ ಚೀಲಗಳಲ್ಲಿ ಇಟ್ಟು ಕಳಿಸುವ ರೂಢಿಯೂ ಇತ್ತು. ಫಿನ್‌ಲೆಂಡ್, ಬ್ರಿಟನ್ ಮುಂತಾದ ಕಡೆ ಹೊಸ ಸೋಫಾದ ಮೇಲೆ ಕೂತವರ ಬೆನ್ನು, ತೊಡೆಗಳಲ್ಲಿ ಸುಟ್ಟಂಥ ಗಾಯಗಳಾದವು. 2009ರಲ್ಲಿ ಐರೋಪ್ಯ ಒಕ್ಕೂಟ ಬಳಕೆಯ ವಸ್ತುಗಳಲ್ಲಿ ಅದನ್ನು ನಿಷೇಧಿಸಿತು. ನಾಲ್ಕು ವರ್ಷ ಕಳೆದು 2013ರಲ್ಲಿ ಅದೇ ಡೈಮೀಥೈಲ್ ಫ್ಯೂಮರೇಟ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗದ ಔಷಧವಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿತು. ಎರಡರ ಹಿಂದೆಯೂ ಇರುವುದು ಒಂದೇ ಗುಣ: ಅದು ಸಿಸ್ಟೀನಿನ ಗಂಧಕಕ್ಕೆ ಅಂಟುತ್ತದೆ. ಎಷ್ಟು, ಎಲ್ಲಿ, ಎಷ್ಟು ಹೊತ್ತು ಎನ್ನುವುದರ ಮೇಲೆ ಅದು ಗಾಯವೋ ಮದ್ದೋ ಎಂಬುದು ನಿಂತಿದೆ. ಎಂಎಸ್ ರೋಗದಲ್ಲಿ ಅದು ಮಾಡುವ ಕೆಲಸವೆಲ್ಲ ಎನ್‌ಆರ್‌ಎಫ್2 ಮೂಲಕವೇ ಆಗುತ್ತದೆಂದು ಹೇಳಲಾಗದು. ರೋಗನಿರೋಧಕ ಕೋಶಗಳ ಮೇಲೆ ಅದಕ್ಕೆ ಬೇರೆ ಪರಿಣಾಮಗಳೂ ಇವೆ.

ಎಲ್ಲ ಪ್ರಯತ್ನಗಳೂ ಹೀಗೆ ದಡ ಸೇರಲಿಲ್ಲ. ಬಾರ್ಡೊಕ್ಸೊಲೋನ್ ಎಂಬ ಇನ್ನೂ ಪ್ರಬಲವಾದ ಔಷಧವನ್ನು ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟ 2,185 ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದರು. ಕಿಡ್ನಿಯ ಸೋಸುವಿಕೆಯ ಅಂಕಿ ಚೆನ್ನಾಗಿ ಏರುತ್ತಿತ್ತು. ಆದರೆ ಔಷಧ ಪಡೆದವರಲ್ಲಿ ಹೃದಯ ವೈಫಲ್ಯ ಹೆಚ್ಚಾದದ್ದರಿಂದ 2012ರ ಅಕ್ಟೋಬರಿನಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ರಕ್ತಪರೀಕ್ಷೆಯ ಅಂಕಿ ಸುಧಾರಿಸುವುದೂ ರೋಗಿ ಸುಧಾರಿಸುವುದೂ ಬೇರೆಬೇರೆ ಎಂಬುದನ್ನು ದೊಡ್ಡ ಬೆಲೆ ತೆತ್ತು ಕಲಿತ ಸಂದರ್ಭವದು.

ಅದೇ ಕುಟುಂಬದ ಇನ್ನೊಂದು ಅಣು ಒಮಾವೆಲೊಕ್ಸೊಲೋನ್. ಆಲಿವ್, ಲವಂಗಗಳಲ್ಲಿ ಸಿಗುವ ಓಲಿಯಾನೋಲಿಕ್ ಆಮ್ಲದ ಚೌಕಟ್ಟನ್ನು ಪ್ರಯೋಗಾಲಯದಲ್ಲಿ ತಿದ್ದಿ ತಯಾರಿಸಿದ್ದು. ಫ್ರೀಡ್ರೀಕ್ ಅಟಾಕ್ಸಿಯಾ ಎಂಬ ಆನುವಂಶಿಕ ರೋಗದಲ್ಲಿ ಫ್ರಟಾಕ್ಸಿನ್ ಎಂಬ ಪ್ರೋಟೀನ್ ಕಡಿಮೆಯಾಗಿ ಮೈಟೊಕಾಂಡ್ರಿಯಾಗಳಲ್ಲಿ ಕಬ್ಬಿಣದ ನಿರ್ವಹಣೆ ಕೆಡುತ್ತದೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಗು ತೂರಾಡುತ್ತಾ ನಡೆಯತೊಡಗುತ್ತದೆ, ಮಾತು ತೊದಲುತ್ತದೆ, ಮುಂದೆ ಗಾಲಿಕುರ್ಚಿ ಬೇಕಾಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಇಂಥ ಕೋಶಗಳಲ್ಲಿ ಒತ್ತಡ ವಿಪರೀತ ಇದ್ದರೂ ಎನ್‌ಆರ್‌ಎಫ್2 ಏರಬೇಕಾದಷ್ಟು ಏರುವುದಿಲ್ಲ. ಇಲ್ಲಿ ಅದನ್ನು ಎಬ್ಬಿಸುವುದಕ್ಕೆ ಅರ್ಥವಿದೆ. 48 ವಾರಗಳ ಪ್ರಯೋಗದ ಆಧಾರದ ಮೇಲೆ 2023ರ ಫೆಬ್ರವರಿ 28ರಂದು 16 ವರ್ಷ ಮೇಲ್ಪಟ್ಟವರಿಗೆ ಎಫ್‌ಡಿಎ ಅನುಮತಿ ಕೊಟ್ಟಿತು. ಈ ರೋಗಕ್ಕೆ ಅದು ಮೊದಲ ಔಷಧ. ರೋಗ ಗುಣವಾಗುವುದಿಲ್ಲ. ನರವೈದ್ಯರು ನಡಿಗೆ, ಸಮತೋಲ, ಮಾತುಗಳನ್ನು ಅಳೆಯುವ ಅಂಕದಲ್ಲಿ ಔಷಧ ಪಡೆದವರು ಪಡೆಯದವರಿಗಿಂತ ಸರಾಸರಿ 2.4 ಅಂಕ ಮುಂದಿದ್ದರು. ಯಕೃತ್ತಿನ ಕಿಣ್ವಗಳು ಏರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಏನೂ ಇಲ್ಲದಿದ್ದ ಕಡೆ ಇಷ್ಟು ಸಿಕ್ಕಿದ್ದು ಆ ಕುಟುಂಬಗಳಿಗೆ ಸಣ್ಣದಲ್ಲ.

ಊಟದ ತಟ್ಟೆ, ಮಾತ್ರೆಯ ಡಬ್ಬಿ

ಸಲ್ಫೊರಾಫೇನ್ ಬ್ರೊಕೊಲಿಯಲ್ಲಿ ಹಾಗೇ ಕೂತಿರುವುದಿಲ್ಲ. ಅದರ ಮೂಲವಸ್ತು ಒಂದು ಕಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕತ್ತರಿಸಿದಾಗಲೋ ಜಗಿದಾಗಲೋ ಎರಡೂ ಸೇರಿ ಸಲ್ಫೊರಾಫೇನ್ ಆಗುತ್ತದೆ. ಚೆನ್ನಾಗಿ ಬೇಯಿಸಿದರೆ ಕಿಣ್ವ ಸಾಯುತ್ತದೆ. ಎಲೆಕೋಸು, ಮೂಲಂಗಿ, ಸಾಸಿವೆ ಅದೇ ಸಸ್ಯಕುಟುಂಬದವು. ಸಾಸಿವೆಯ ಘಾಟೂ ಇಂಥದೇ ರಾಸಾಯನಿಕ, ಪ್ರಯೋಗಾಲಯದಲ್ಲಿ ಅದೂ ಎನ್‌ಆರ್‌ಎಫ್2 ಅನ್ನು ಎಬ್ಬಿಸುತ್ತದೆ. ಒಗ್ಗರಣೆಯ ಕಾದ ಎಣ್ಣೆಯಲ್ಲಿ ಸಿಡಿದ ಸಾಸಿವೆಯಲ್ಲಿ ಕಿಣ್ವ ಉಳಿಯುವುದಿಲ್ಲ. ಹಸಿ ಸಾಸಿವೆ ಅರೆದು ತೆಂಗಿನಕಾಯಿ, ಮೊಸರಿನ ಜೊತೆ ಮಾಡುವ ಸೌತೆಕಾಯಿ ಸಾಸಿವೆಯಲ್ಲಿ ಮೂಗಿಗೆ ಏರುವ ಆ ಘಾಟು ಕಿಣ್ವ ಕೆಲಸ ಮಾಡಿದ್ದರ ಗುರುತು. ಬೇಯಿಸಿದ ಬ್ರೊಕೊಲಿಗೆ ಹಸಿ ಸಾಸಿವೆ ಪುಡಿ ಬೆರೆಸಿದರೆ ಸಲ್ಫೊರಾಫೇನ್ ಹೆಚ್ಚುತ್ತದೆಂದು ಅಧ್ಯಯನಗಳು ತೋರಿಸಿವೆ.

ಇದರಿಂದ ರೋಗ ತಡೆಯುತ್ತದೆಯೇ? ಚೀನಾದ ಚಿದೊಂಗ್ ಪ್ರದೇಶದಲ್ಲಿ ಗಾಳಿಯ ಮಾಲಿನ್ಯಕ್ಕೆ ಒಡ್ಡಿಕೊಂಡ 291 ಜನರಿಗೆ 12 ವಾರ ಬ್ರೊಕೊಲಿ ಮೊಳಕೆಯ ಪಾನೀಯ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪಾನೀಯ ಕುಡಿದವರ ಮೂತ್ರದಲ್ಲಿ, ಆ ಮಾಲಿನ್ಯದಲ್ಲಿರುವ ಬೆಂಜೀನ್ ಎಂಬ ವಿಷದ ಅವಶೇಷ 61 ಪ್ರತಿಶತ ಹೆಚ್ಚು ಹೊರಬಿತ್ತು. ಆದರೆ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ರೋಗ ಇರುವವರಿಗೆ ನಾಲ್ಕು ವಾರ ಸಲ್ಫೊರಾಫೇನ್ ಕೊಟ್ಟ 2016ರ ಅಧ್ಯಯನದಲ್ಲಿ ಎನ್‌ಆರ್‌ಎಫ್2 ಎಬ್ಬಿಸುವ ಜೀನ್‌ಗಳೂ ಏರಲಿಲ್ಲ, ಉಸಿರಾಟವೂ ಸುಧಾರಿಸಲಿಲ್ಲ. ಅರಿಶಿನದ ಕರ್ಕ್ಯುಮಿನ್ ಕೂಡ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಎನ್‌ಆರ್‌ಎಫ್2 ಎಬ್ಬಿಸುತ್ತದೆ, ತಿಂದಾಗ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಡುಗೆಯಲ್ಲಿ ಇವೆಲ್ಲ ಇರಲಿ, ರುಚಿಗೂ ಆರೋಗ್ಯಕ್ಕೂ ಒಳ್ಳೆಯದೇ. ಔಷಧದ ಜಾಗದಲ್ಲಿ ಇಡುವುದಕ್ಕೆ ಪುರಾವೆ ಇಲ್ಲ.

ಮಾತ್ರೆಗಳ ಕಥೆ ಬೇರೆ. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18 ಪ್ರತಿಶತ ಹೆಚ್ಚಾಗಿತ್ತು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಆಗಲೇ ಶ್ವಾಸಕೋಶದ ಕ್ಯಾನ್ಸರ್ ಶುರುವಾಗಿದ್ದ ಇಲಿಗಳಿಗೆ ವಿಟಮಿನ್ ಇ ಮತ್ತು ಎನ್-ಅಸಿಟೈಲ್ ಸಿಸ್ಟೀನ್ ಕೊಟ್ಟಾಗ ಗಡ್ಡೆಗಳು ಬೇಗ ಬೆಳೆದವು, ಇಲಿಗಳು ಬೇಗ ಸತ್ತವು. ಇವು ಎನ್‌ಆರ್‌ಎಫ್2 ಔಷಧಗಳಲ್ಲ. ಆದರೂ ಕೀಪ್1 ಕೆಟ್ಟ ಗಡ್ಡೆ ಒಳಗಿನಿಂದ ಪಡೆಯುವ ರಕ್ಷಣೆಯನ್ನೇ ಇವು ಹೊರಗಿನಿಂದ ಒದಗಿಸಿದಂತಾಯಿತು. ಕಿಮೋಥೆರಪಿಯೋ ವಿಕಿರಣವೋ ನಡೆಯುತ್ತಿರುವಾಗ ‘ಶಕ್ತಿ ಬರಲಿ’ ಎಂದು ಮನೆಯವರು ಪ್ರೀತಿಯಿಂದ ತಂದುಕೊಡುವ ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ಚಿಕಿತ್ಸೆ ಕೊಡುವ ವೈದ್ಯರಿಗೆ ತೋರಿಸದೆ ದಯವಿಟ್ಟು ಕೊಡಬೇಡಿ.

ಶ್ವಾಸಕೋಶದ ಕ್ಯಾನ್ಸರ್ ಇರುವವರ ಎನ್‌ಜಿಎಸ್ (ಗಡ್ಡೆಯ ಜೀನ್‌ಗಳನ್ನು ಓದುವ ಪರೀಕ್ಷೆ) ವರದಿಯಲ್ಲಿ ಕೀಪ್1 ಅಥವಾ ಎನ್‌ಎಫ್‌ಇ2ಎಲ್2 ಎಂಬ ಹೆಸರು ಕಂಡರೆ ಅದರ ಅರ್ಥ ಈಗ ನಿಮಗೆ ಗೊತ್ತು. ಇಜಿಎಫ್‌ಆರ್ ಅಥವಾ ಎಎಲ್‌ಕೆ ಎಂಬ ಜೀನ್‌ಗಳ ಬದಲಾವಣೆಗೆ ಇರುವಂಥ ನೇರ ಮಾತ್ರೆ ಇದಕ್ಕಿಲ್ಲ. ಕೀಪ್1 ಮೈಮೇಲಿನ ಗುಳಿಯೊಳಗೆ ಔಷಧದ ಅಣು ಕೂರಿಸುವುದು ಒಂದು ಹಂತಕ್ಕೆ ಸಾಧ್ಯವಾಗಿದೆ. ಕೋಶಕೇಂದ್ರದಲ್ಲಿರುವ ಎನ್‌ಆರ್‌ಎಫ್2ರಲ್ಲಿ ಅಂಥ ಗುಳಿಯೇ ಸ್ಪಷ್ಟವಾಗಿಲ್ಲ. ಆದ್ದರಿಂದ ಸುತ್ತುದಾರಿ ಹಿಡಿದವರಿದ್ದಾರೆ: ಈ ಗಡ್ಡೆಗಳು ಗ್ಲುಟಮಿನ್ ಮೇಲೆ ಅತಿಯಾಗಿ ಅವಲಂಬಿಸುತ್ತವೆ, ಅದನ್ನೇ ತಡೆದರೆ ಹೇಗೆ ಎಂದು. ಟೆಲಾಗ್ಲೆನಸ್ಟಾಟ್ ಎಂಬ ಔಷಧದಿಂದ ಹಾಗೆ ಮಾಡಿ ನೋಡಿದ ಪ್ರಯೋಗವನ್ನು ಲಾಭ ಕಾಣದೆ 2021ರಲ್ಲಿ ನಿಲ್ಲಿಸಿದರು. ಕೆಟ್ಟ ಕೀಪ್1ರ ಜೊತೆ ಉಳಿದಿರುವ ಸರಿಯಾದ ಕೀಪ್1ರ ಹಿಡಿತವನ್ನೇ ಬಿಗಿಗೊಳಿಸಬಹುದೇ ಎಂದು ಈಗ ಇನ್ನೊಂದು ಕಡೆ ಹುಡುಕಾಟ ನಡೆದಿದೆ. ಅಲ್ಲಿಯವರೆಗೆ ಆ ವರದಿಯ ಉಪಯೋಗವೆಂದರೆ, ಇಮ್ಯುನೊಥೆರಪಿಯೊಂದನ್ನೇ ನಂಬಬೇಕೋ ಅದರ ಜೊತೆ ಬೇರೆ ಚಿಕಿತ್ಸೆ ಸೇರಿಸಬೇಕೋ, ಸ್ಕ್ಯಾನ್‌ಗಳನ್ನು ಎಷ್ಟು ಹತ್ತಿರದಲ್ಲಿ ಮಾಡಿಸಬೇಕು ಎಂದು ವೈದ್ಯರ ಜೊತೆ ಕೂತು ಮಾತಾಡಲು ಅದೊಂದು ಆಧಾರ.